ಚಂದ್ರನ ಹಿಂದೆ ಹೋದವನಿಗೊಂದು ಹೂಂ

ನಮ್ಮೂರಿನಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಎದುರಿಗಿದ್ದವರು ಹೂಂಗುಟ್ಟಲೇಬೇಕು. ಇದು ಯಾರೂ ಬರೆದಿಟ್ಟ ಕಾನೂನಲ್ಲ. ಊಟಕ್ಕೆ ಕೂತವರಿಗೆ ನೀರಿಡಬೇಕು ಅನ್ನುವಷ್ಟೇ ಸಹಜವಾದದ್ದು. ನಮ್ಮಲ್ಲಿ ಬೈಸಿಕೊಳ್ಳುವವರು ಕೂಡ ಹೂಂಗುಟ್ಟುತ್ತಲೇ ಬೈಸಿಕೊಳ್ಳುತ್ತಾರೆ. ನಮ್ಮ ದೊಡ್ಡಪ್ಪನಿಗೂ ಪಕ್ಕದ ಮನೆಯವರಿಗೂ ಗೋಡೆಯ ವಿಷಯದಲ್ಲಿ ವರ್ಷಗಟ್ಟಲೆ ಜಗಳವಿತ್ತು. "ನೀನು ಕಳ್ಳ" ಎಂದರೆ "ಹೂಂ," "ನಿಮ್ಮಪ್ಪನೂ ಕಳ್ಳ" ಎಂದರೆ "ಹೂಂ, ಆಮೇಲೆ?" ಎಂದು ಇಬ್ಬರೂ ಮರ್ಯಾದೆ ಬಿಡದೆ ಜಗಳವಾಡುತ್ತಿದ್ದರು. ಒಬ್ಬರು ಮಾತಾಡುತ್ತಿರುವಾಗ ಹೂಂ ಅನ್ನದೆ ಸುಮ್ಮನಿರುವುದು ಮಾತ್ರ ನಮ್ಮೂರಲ್ಲಿ ಯಾರೂ ಯಾರಿಗೂ ಮಾಡದ ಅವಮಾನ.

ಹಾಗಾಗಿ ಬಚ್ಚಲಮನೆಯ ಹಂಡೆಗಳಲ್ಲಿ ಗಂಡಸೊಬ್ಬನ ದನಿ ಕೇಳಿಸಿದಾಗ ನಮ್ಮ ಜನ ಮಂತ್ರವಾದಿಯನ್ನು ಹುಡುಕಿಕೊಂಡು ಹೋಗಲಿಲ್ಲ. ಮೊದಲು ಕೇಳಿಸಿಕೊಂಡವರು ನಮ್ಮ ದೊಡ್ಡಮ್ಮ ಹಾಲಮ್ಮ. ಹಂಡೆಗೆ ನೀರು ತುಂಬಿಸಿ, ಇನ್ನೇನು ಒಲೆಗೆ ಸೌದೆ ಇಡಬೇಕು ಅನ್ನುವಾಗ ಒಳಗಿಂದ ಮಾತು ಕೇಳಿಸಿತಂತೆ. ಅಂಗಳಕ್ಕೆ ಬಂದು ನನ್ನನ್ನು ಕರೆದರು.

"ಯಾರೋ ಹಂಡೇಲಿ ಮಾತಾಡ್ತಾವ್ರೆ ಕಣೇ. ಯಾವ ಭಾಷೆಯೋ ಏನೋ. ಪಾಪ, ಒಬ್ರೂ ಹೂಂ ಅನ್ನೋರಿಲ್ಲ," ಎಂದವರೇ ಒಳಗೆ ಹೋಗಿ, ಬಚ್ಚಲ ಕಲ್ಲಿನ ಮೇಲೆ ಕೂತು ಹೂಂಗುಟ್ಟಲು ಶುರು ಮಾಡಿದರು.

ದೂರದ ದೇಶದವರು ಚಂದ್ರನಲ್ಲಿಗೆ ಹೋಗಿ ಬರಲು ಆಗಷ್ಟೇ ಶುರು ಮಾಡಿದ್ದ ಕಾಲ ಅದು. ಒಂದು ಸಲಕ್ಕೆ ಮೂವರು ಹೋಗುತ್ತಿದ್ದರು. ಇಬ್ಬರು ಚಂದ್ರನ ಮೇಲೆ ಇಳಿದು ಓಡಾಡುತ್ತಿದ್ದರು. ಮೂರನೆಯವನು ಮಾತ್ರ ಇಳಿಯುವ ಹಾಗಿಲ್ಲ. ಅವರಿಬ್ಬರನ್ನು ವಾಪಸು ಕರೆತರಬೇಕಾದ ಗಾಡಿಯಲ್ಲಿ ಒಬ್ಬನೇ ಕೂತು ಚಂದ್ರನನ್ನು ಸುತ್ತುತ್ತಿರಬೇಕು. ಅಷ್ಟು ದೂರ ಹೋಗಿ, ಮದುವೆಮನೆಯ ಬಾಗಿಲಲ್ಲಿ ಚಪ್ಪಲಿ ಕಾಯುವವನ ಪಾಡು. ಅವನು ಸುತ್ತುತ್ತಾ ಚಂದ್ರನ ಬೆನ್ನ ಹಿಂದಕ್ಕೆ ಹೋದಾಗ ಅವನ ಮಾತು ಭೂಮಿಯ ಮೇಲೆ ಯಾರಿಗೂ ಕೇಳಿಸುವುದಿಲ್ಲ ಎಂದು ರೇಡಿಯೋದಲ್ಲೇ ಹೇಳುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ನಮ್ಮೂರಿನ ಹಂಡೆಗಳಲ್ಲಿ ಮಾತು ಶುರುವಾಗುತ್ತಿತ್ತು. ಅವನು ಈ ಕಡೆಗೆ ಬಂದನೆಂದರೆ ನಿಂತುಹೋಗುತ್ತಿತ್ತು.

ತಾಮ್ರದ ಹಂಡೆಯೇ ಆಗಬೇಕು, ತುಂಬಾ ನೀರಿರಬೇಕು, ಒಲೆ ಹೊತ್ತಿಸಿರಬಾರದು. ನೀರು ಬೆಚ್ಚಗಾದರೆ ದನಿ ಹೋಗಿಬಿಡುತ್ತಿತ್ತು. ಆದ್ದರಿಂದ ಮೂರನೆಯವನು ಒಂಟಿಯಾಗಿರುವಷ್ಟು ದಿನ ಊರಿನಲ್ಲಿ ಯಾರೂ ಹಂಡೆಗೆ ಬೆಂಕಿ ಹಾಕಬಾರದು ಎಂದಾಯಿತು. ಗಂಡಸರು ಗೊಣಗಿಕೊಂಡು ತಣ್ಣೀರು ಸುರಿದುಕೊಂಡರು, ಅರ್ಧ ಜನ ಸ್ನಾನವನ್ನೇ ಬಿಟ್ಟು ಅದಕ್ಕೆ ಚಂದ್ರನ ಹೆಸರು ಹೇಳಿದರು. ಹೊಸದಾಗಿ ಬಾಯ್ಲರ್ ಹಾಕಿಸಿ ಬೀಗುತ್ತಿದ್ದ ರೈಸ್ ಮಿಲ್ಲಿನ ಸಾಹುಕಾರರ ಮನೆಯಲ್ಲಿ ಒಂದು ಅಕ್ಷರವೂ ಕೇಳಿಸದೆ, ಅವರ ಹೆಂಡತಿ ನಮ್ಮ ಬಚ್ಚಲಿಗೆ ಬಂದು ಕೂರುತ್ತಿದ್ದರು. ಒಂದೊಂದು ಸುತ್ತಿಗೆ ಒಂದೊಂದು ಮನೆಯವರು ಎಂದು ಹೆಂಗಸರು ಪಾಳಿ ಹಾಕಿಕೊಂಡರು. ಒಬ್ಬನಂತೂ ಪದೇ ಪದೇ "ಗಿಂಬಲ್, ಗಿಂಬಲ್" ಅನ್ನುತ್ತಿದ್ದ. ಹೆಂಡತಿಯನ್ನು ನೆನೆಸಿಕೊಂಡು ಕೊರಗುತ್ತಿದ್ದಾನೆ ಎಂದು ನಾವೆಲ್ಲ ಕಣ್ಣೊರೆಸಿಕೊಂಡು, ಆ ವಾರ ಹುಟ್ಟಿದ ಕರುವಿಗೆ ಗಿಂಬಲಿ ಎಂದು ಹೆಸರಿಟ್ಟೆವು. ಅದು ಯಂತ್ರದ ಯಾವುದೋ ಭಾಗ ಎಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಕರು ಹೆಸರಿಗೆ ಒಗ್ಗಿಕೊಂಡಿತ್ತು.

ಹಂಡೆಯ ಮುಂದೆ ಕೂತವರು ಹೂಂ ಅನ್ನಬೇಕೇ ಹೊರತು ಬೇರೆ ಮಾತು ತೆಗೆಯಬಾರದು ಎಂದು ದೊಡ್ಡಮ್ಮ ಕಟ್ಟುನಿಟ್ಟು ಮಾಡಿದ್ದರು. "ಮಾತು ಅವರದು. ಅದರ ನಡುವೆ ನಮ್ಮನೆ ರಾಮಾಯಣ ಯಾಕೆ?" ಅನ್ನುತ್ತಿದ್ದರು. ನಮ್ಮ ಹೂಂ ಅವರಿಗೆ ಕೇಳಿಸುತ್ತದೆಯೇ ಎಂದು ಯಾರಾದರೂ ಕೇಳಿದರೆ ದೊಡ್ಡಮ್ಮನಿಗೆ ಸಿಟ್ಟು ಬರುತ್ತಿತ್ತು. ಹೂಂ ಅನ್ನುವುದು ನಮ್ಮ ಕೆಲಸ, ಕೇಳಿಸಿಕೊಳ್ಳುವುದು ಬಿಡುವುದು ಅವರಿಗೆ ಸೇರಿದ್ದು ಎಂಬುದು ಅವರ ವಾದ.

ನನಗೆ ಮದುವೆ ಗೊತ್ತಾದದ್ದು ಈ ನಡುವೆಯೇ. ಹುಡುಗನ ಹೆಸರು ಮೃತ್ಯುಂಜಯ, ದೂರದ ಊರೊಂದರಲ್ಲಿ ದನದ ಆಸ್ಪತ್ರೆಯ ಕಾಂಪೌಂಡರ್. ನೋಡಲು ಬಂದ ದಿನ ಅವರೇ "ನಿಮಗೇನು ಇಷ್ಟ?" ಎಂದು ಕೇಳಿದರು. ನಾನು ಉತ್ಸಾಹದಿಂದ ನಮ್ಮ ಹಿತ್ತಿಲು, ನಾನು ಹಾಕುವ ಕಸೂತಿ, ಗಿಂಬಲಿಯ ತುಂಟತನ ಎಂದು ಶುರು ಮಾಡಿದೆ. ಅವರು ನನ್ನ ಮುಖವನ್ನೇ ನೋಡುತ್ತಾ ಕೂತರು. ಹೂಂ ಇಲ್ಲ, ಉಹೂಂ ಇಲ್ಲ. ಇನ್ನೊಂದು ಮಾತು ಹೇಳಿ ಕಾದೆ. ಆಗಲೂ ಇಲ್ಲ. ನನ್ನ ಮಾತು ಅರ್ಧಕ್ಕೇ ನಿಂತುಹೋಯಿತು.

ಅವರು ಹೋದ ಮೇಲೆ ಅಪ್ಪನ ಹತ್ತಿರ ಅತ್ತುಬಿಟ್ಟೆ. "ಅವರ ಕಡೆ ಹಂಗೇ ಕಣಮ್ಮ ಮಂಗಳಾ. ಯಾರೂ ಹೂಂಗುಟ್ಟಲ್ಲ, ಸುಮ್ನೆ ಕೇಳಿಸ್ಕೊತಾರೆ. ಜನ ಒಳ್ಳೆಯವರು," ಎಂದು ಅಪ್ಪ ಸಮಾಧಾನ ಮಾಡಿದರು. ಒಳ್ಳೆಯವರೇ ಇರಬಹುದು. ಆದರೆ ಜೀವನಪೂರ್ತಿ ಮಾತಾಡಿ ಮಾತಾಡಿ ಯಾರಿಂದಲೂ ಒಂದು ಹೂಂ ಸಿಗದಿದ್ದರೆ ನಾನು ಏನಾಗಿಹೋಗುತ್ತೇನೆ ಎಂಬುದೇ ನನ್ನ ಚಿಂತೆಯಾಗಿತ್ತು.

ಮದುವೆಯ ವಾರಕ್ಕೂ ಚಂದ್ರನಿಗೂ ಸಂಬಂಧವೇ ಇರಬಾರದಿತ್ತು. ಆ ಸಲ ಹೊರಡಬೇಕಾದವರು ಅದೇನೋ ತೊಂದರೆಯಾಗಿ ಹಿಂದಿನ ತಿಂಗಳು ಹೊರಡಲಿಲ್ಲ. ಕೊನೆಗೆ ಹೊರಟು, ಇಬ್ಬರು ಚಂದ್ರನ ಮೇಲೆ ಇಳಿದದ್ದು ನಮ್ಮ ಮನೆ ಮುಂದೆ ಚಪ್ಪರ ಹಾಕಿದ ದಿನ. ಅರಿಶಿನ ಹಚ್ಚಿದ ಮೇಲೆ ನಾನು ಹೊಸಿಲು ದಾಟುವಂತಿರಲಿಲ್ಲ. ಮನೆಯವರೆಲ್ಲ ಕೆಲಸದಲ್ಲಿ ಮುಳುಗಿದ್ದರು. "ಮದ್ವೆ ಹೆಣ್ಣು ಹೆಂಗೂ ಒಳಗೇ ಇರ್ತಾಳೆ. ನಮ್ಮ ಮನೆ ಪಾಳಿ ಪೂರ್ತಿ ಅವಳೇ ನೋಡ್ಕೊಳ್ಲಿ," ಎಂದು ದೊಡ್ಡಮ್ಮ ಹೇಳಿದರು. ಬೇರೆ ಮನೆಯವರೂ ಹೋಳಿಗೆ ಬೇಯಿಸಲು ನಮ್ಮಲ್ಲಿಗೇ ಬಂದಿದ್ದರಿಂದ ಅವರ ಪಾಳಿಯೂ ನನ್ನ ತಲೆಗೇ ಬಂತು. ಹೀಗೆ ಆ ಮೂರನೆಯವನ ಒಂಟಿತನವೆಲ್ಲ ನನ್ನ ಪಾಲಾಯಿತು.

ಹಿಂದಿನವರಲ್ಲಿ ಒಬ್ಬ ಹಾಡುತ್ತಿದ್ದ, ಒಬ್ಬ ಬರೀ ಲೆಕ್ಕ ಒಪ್ಪಿಸುತ್ತಿದ್ದ. ಇವನು ಹಾಗಲ್ಲ. ಏನನ್ನೋ ರಿಪೇರಿ ಮಾಡುತ್ತಾ ಪಕ್ಕದಲ್ಲಿರುವವರಿಗೆ ಹೇಳುವ ಹಾಗೆ ನಿಧಾನಕ್ಕೆ ಮಾತಾಡುತ್ತಿದ್ದ. ನಡುವೆ ಏನನ್ನೋ ಅಗಿಯುತ್ತಿದ್ದ. ಇದ್ದಕ್ಕಿದ್ದಂತೆ ಸುಮ್ಮನಾಗಿ ದೀರ್ಘವಾಗಿ ಉಸಿರು ಬಿಡುತ್ತಿದ್ದ. ಆಗ ಕಿಟಕಿಯಲ್ಲಿ ಏನನ್ನೋ ನೋಡುತ್ತಿದ್ದಾನೆ ಎಂದು ನನಗೆ ಗೊತ್ತಾಗುತ್ತಿತ್ತು. ಆ ಕಡೆಯಿಂದ ಭೂಮಿ ಕಾಣುವುದಿಲ್ಲ ಎಂದು ರೇಡಿಯೋದವರು ಹೇಳಿದ್ದರು. ಮನೆ ಇಲ್ಲ, ಮನೆ ಇರುವ ದಿಕ್ಕೂ ಇಲ್ಲ, ಹೆಸರು ಹಿಡಿದು ಕರೆಯುವವರಿಲ್ಲ. ಕೆಳಗೆ ಒಂದು ದೀಪವೂ ಇಲ್ಲದ ನೆಲ. ಅವನ ಮಾತಿನ ಕೊನೆ ಸ್ವಲ್ಪ ಮೇಲಕ್ಕೇಳುತ್ತಿತ್ತು, ಆಮೇಲೆ ಅವನು ಕಾಯುತ್ತಿದ್ದ. ನಾನು ಹೂಂ ಅಂದ ಮೇಲೆ ಮುಂದುವರಿಸುತ್ತಿದ್ದ. ನನ್ನ ಭ್ರಮೆ ಅಂದರೆ ಅನ್ನಿ, ನನಗೆ ಬೇಜಾರಿಲ್ಲ.

ಹೇಳಿಬಿಡುತ್ತೇನೆ, ಆ ದಿನಗಳಲ್ಲಿ ನನಗೆ ಅವನ ಮೇಲೆ ಮನಸ್ಸೇ ಹೋಗಿಬಿಟ್ಟಿತ್ತು. ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ, ಒಂದು ಮಾತೂ ಅರ್ಥವಾಗಿಲ್ಲ. ಕೈಗೆ ಅರಿಶಿನ ಹಚ್ಚಿಕೊಂಡು, ಹಂಡೆಗೆ ಕೆನ್ನೆ ಆನಿಸಿಕೊಂಡು, ಇನ್ನೊಬ್ಬರ ಹೆಂಡತಿಯಾಗಲಿರುವ ಹುಡುಗಿ ಚಂದ್ರನ ಹಿಂದಿರುವವನಿಗಾಗಿ ಹಂಬಲಿಸಿದಳು. ಅವನು ಈ ಕಡೆ ಬಂದು ದನಿ ನಿಂತರೆ ಮತ್ತೆ ಹಿಂದಕ್ಕೆ ಹೋಗುವವರೆಗೆ ನನಗೆ ಊಟ ಸೇರುತ್ತಿರಲಿಲ್ಲ. ಮದುವೆ ಹೆಣ್ಣಿಗೆ ಹಾಗೆಲ್ಲ ಆಗುತ್ತದೆ ಎಂದು ಉಳಿದವರು ನಗುತ್ತಿದ್ದರು.

ಬೀಗರು ಹಿಂದಿನ ದಿನವೇ ಬಂದಿಳಿದಿದ್ದರು. ಕೊರೆಯುವ ಚಳಿಯಲ್ಲಿ ಅವರಿಗೆ ಸ್ನಾನಕ್ಕೆ ಅಡುಗೆಯವರ ಡೇಗ್ಸೆ ಪಾತ್ರೆಗಳಲ್ಲಿ ಕಾಯಿಸಿದ ಅರೆಬೆಚ್ಚಗಿನ ನೀರು, ತಲೆಗೆ ಎರಡೆರಡು ಚೆಂಬು ಸಿಕ್ಕಿದ್ದೇ ಹೆಚ್ಚು. ಭಾವಿ ಅತ್ತೆ ದಾಕ್ಷಾಯಿಣಮ್ಮನವರ ಮುಖ ಆಗಲೇ ಕೆಂಪಾಗಿತ್ತು. ಮದುವೆಯ ದಿನ ಮಧ್ಯಾಹ್ನ ನನಗೆ ನೀರು ಹಾಕುವ ಹೊತ್ತಿಗೆ ಅವರೇ ಎಣ್ಣೆ ಬಟ್ಟಲು ಹಿಡಿದುಕೊಂಡು ಬಂದರು. ಸರಿಯಾಗಿ ಅದೇ ಹೊತ್ತಿಗೆ ಅವನ ಕೊನೆಯ ಒಂಟಿ ಸುತ್ತು. ಇದಾದ ಮೇಲೆ ಕೆಳಗಿಳಿದ ಇಬ್ಬರೂ ಮೇಲೆ ಬಂದು ಅವನನ್ನು ಸೇರಿಕೊಳ್ಳುತ್ತಾರೆ, ಆಮೇಲೆ ಅವನಿಗೆ ನಮ್ಮ ಹೂಂ ಬೇಕಾಗಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಬಚ್ಚಲ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆ. ಪಡಸಾಲೆಯಲ್ಲಿ ಆಡುತ್ತಿದ್ದ ಮಾತೆಲ್ಲ ಕೇಳಿಸುತ್ತಿತ್ತು.

"ಮದ್ವೆ ಹೆಣ್ಣಿಗೆ ನೀರು ಹಾಕೋಕೂ ಒಲೆ ಹೊತ್ಸಲ್ಲ ಅಂದ್ರೆ ಇದೆಂಥ ಊರ್ರೀ?" ಎಂದರು ದಾಕ್ಷಾಯಿಣಮ್ಮ.

"ಒಂದು ಗಳಿಗೆ ತಡೀರಿ ಬೀಗ್ತಿ. ಅವರು ಆ ಕಡೆಯಿಂದ ಈ ಕಡೆಗೆ ಬಂದ್ಬಿಡ್ಲಿ," ಎಂದರು ದೊಡ್ಡಮ್ಮ.

"ಅವರು ಅಂದ್ರೆ ಯಾರು?"

"ಚಂದ್ರನ ಹಿಂದೆ ಇರೋರು."

ದಾಕ್ಷಾಯಿಣಮ್ಮ ಇದನ್ನು ಕುಚೋದ್ಯ ಅಂದುಕೊಂಡರು. ಅಷ್ಟರಲ್ಲಿ ಹಂಡೆಯಲ್ಲಿ ಅವನು ಒಂದೆರಡು ಮಾತಾಡಿದ. ಗಂಡಸಿನ ದನಿ ಪಡಸಾಲೆಯವರೆಗೆ ಹೋಯಿತು.

"ಒಳಗೆ ಯಾರೋ ಗಂಡಸಿದ್ದಾನೆ," ಎಂದರು ಅವರು, ದನಿ ತಗ್ಗಿಸಿ. ಆಮೇಲೆ ತಗ್ಗಿಸಲಿಲ್ಲ. "ಬಚ್ಚಲಲ್ಲಿ ಗಂಡಸನ್ನ ಕೂರಿಸ್ಕೊಂಡು ನಮ್ಗೆ ಚಂದ್ರನ ಕಥೆ ಹೇಳ್ತೀರಾ? ಗಾಡಿ ಕಟ್ಟಿಸ್ರೋ. ಈ ಸಂಬಂಧ ನಮ್ಗೆ ಬೇಡ."

ಅಪ್ಪ ಅವರ ಕಾಲು ಹಿಡಿಯುವುದೊಂದು ಬಾಕಿ. "ನಾನು ನೋಡ್ಕೊಂಡು ಬರ್ತೀನಿ ಇರಮ್ಮ," ಎಂದು ಮೃತ್ಯುಂಜಯ ಹೇಳಿದ್ದು ಕೇಳಿಸಿತು. ನಾನು ಎದ್ದು ಬಾಗಿಲು ತೆಗೆದು, ನೀವೇ ನೋಡಿ ಇದು ಬರೀ ಹಂಡೆ ಎಂದು ತೋರಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ನಾನು ಏಳಲಿಲ್ಲ, ಯಾಕೆಂದರೆ ಹಂಡೆಯಲ್ಲಿ ಅವನು ಸುಮ್ಮನಾಗಿಬಿಟ್ಟಿದ್ದ.

ಬರೀ ಉಸಿರು ಕೇಳಿಸುತ್ತಿತ್ತು. ಅಗಿಯುವ ಸದ್ದೂ ಇಲ್ಲ. ಮಾತೇ ಆಡದವನಿಗೆ ಹೂಂ ಅನ್ನುವುದು ಹೇಗೆ? ಕಾದೆ. ಇನ್ನೂ ಕಾದೆ. ಇದು ಕೊನೆಯ ಸುತ್ತು, ಹೀಗೇ ಮುಗಿದುಹೋಗುತ್ತದೆ ಅನ್ನಿಸಿತು. ದೊಡ್ಡಮ್ಮನ ಕಟ್ಟಳೆ ಮುರಿದು ನಾನೇ ಮಾತಾಡಿದೆ.

"ನೋಡಿ, ನಂಗೆ ಇವತ್ತು ಮದ್ವೆ," ಎಂದೆ. "ನಾಳೆಯಿಂದ ನಾನು ಈ ಊರಲ್ಲಿರಲ್ಲ. ಹೋಗೋ ಊರಲ್ಲಿ ಯಾರೂ ಹೂಂಗುಟ್ಟಲ್ವಂತೆ. ಹುಡುಗನೂ ಹಂಗೇ. ನಾನು ಮಾತಾಡಿದ್ರೆ ಸುಮ್ನೆ ನೋಡ್ತಾರೆ. ನೀವು ಈಗ ಹೆಂಗಿದ್ದೀರೋ ನಾನೂ ಹಂಗೇ ಆಗ್ಬಿಡ್ತೀನಿ. ನಿಮ್ಗಾದ್ರೂ ನಾನಿದ್ದೆ. ನಂಗೆ ಯಾರಿರ್ತಾರೆ? ನಂಗೆ ಹೋಗೋಕೆ ಇಷ್ಟ ಇಲ್ಲ ಕಣ್ರೀ. ಇಲ್ಲೇ ಈ ಕಲ್ಲಿನ ಮೇಲೆ ಕೂತಿರ್ಬೇಕು ಅನ್ಸುತ್ತೆ. ನೀವು ಸುತ್ತುತಾ ಇರಿ, ನಾನು ಹೂಂ ಅಂತಾ ಇರ್ತೀನಿ."

ಹಂಡೆಯಲ್ಲಿ ಉಸಿರು ನಿಂತಿತು. ಆಮೇಲೆ ಅವನು, "ಹೂಂ" ಅಂದ.

ನಮ್ಮ ಹಾಗೆ ಅನ್ನಲಿಲ್ಲ. ನಮ್ಮೂರಿನ ಹೂಂ ಭಾರವಾಗಿ ಕೆಳಗಿಳಿಯುತ್ತದೆ. ಅವನದು ಕೆಳಗೆ ಶುರುವಾಗಿ, ನಡುವೆ ಒಂಚೂರು ಮುರಿದು, ಕೊನೆಗೆ ಮೇಲಕ್ಕೆ ಹೋಯಿತು. ಅಭ್ಯಾಸವಿಲ್ಲದವನು ಮೊದಲ ಸಲ ಅಂದ ಸೊಟ್ಟ ಹೂಂ. ನಾನು ಎರಡು ಕೈಯಲ್ಲೂ ಹಂಡೆ ತಬ್ಬಿಕೊಂಡೆ. ಅಷ್ಟು ಹೊತ್ತಿಗೆ ಅವನು ಈ ಕಡೆಗೆ ಬಂದನೆಂದು ಕಾಣುತ್ತದೆ, ಮತ್ತೆ ಏನೂ ಕೇಳಿಸಲಿಲ್ಲ.

ಬಾಗಿಲಾಚೆಯಿಂದ ದಾಕ್ಷಾಯಿಣಮ್ಮ ಕೂಗಿದರು. "ಮೃತ್ಯುಂಜಯಾ, ಯಾರೋ ಒಳಗಿರೋನು?"

"ಯಾರೂ ಇಲ್ಲ ಕಣಮ್ಮ," ಎಂಬ ದನಿ ಬಾಗಿಲಿಗೆ ತೀರ ಹತ್ತಿರದಲ್ಲೇ ಬಂತು. "ಹಂಡೇಲಿ ನೀರು ಸದ್ದು ಮಾಡ್ತಿದೆ, ಅಷ್ಟೇ. ನೀರು ಹಾಕಿ, ಹೊತ್ತಾಯ್ತು."

ಆಗ ತಾನೇ ಬಂದು ನಿಂತಿರಬೇಕು, ಏನನ್ನೂ ಕೇಳಿಸಿಕೊಂಡಿಲ್ಲ ಎಂದು ನಾನು ನಿಟ್ಟುಸಿರು ಬಿಟ್ಟೆ. ದೊಡ್ಡಮ್ಮ ಒಲೆ ಹೊತ್ತಿಸಿದರು. ಬಿಸಿನೀರು ತಲೆಯ ಮೇಲಿಂದ ಹರಿಯುತ್ತಿದ್ದರಿಂದ ನಾನು ಅತ್ತದ್ದು ಯಾರಿಗೂ ಗೊತ್ತಾಗಲಿಲ್ಲ.

ಗಂಡನ ಮನೆಗೆ ಬರುವಾಗ ನಾನು ಹಟ ಮಾಡಿ ತಂದ ಒಂದೇ ವಸ್ತು ಆ ಹಂಡೆ. ಬಚ್ಚಲಲ್ಲಿ ಕೂರಿಸಿ, ನೀರು ತುಂಬಿ, ಕಿವಿಗೊಟ್ಟು ಕೂರುತ್ತಿದ್ದೆ. ಆ ಊರಿನಲ್ಲಿ ಅದು ಬರೀ ಹಂಡೆಯಾಗಿತ್ತು. ಆದರೂ ಅದಕ್ಕೆ ಬೆಂಕಿ ಹಾಕಲು ಮನಸ್ಸು ಬರಲಿಲ್ಲ. ದಿನಾ ಬೇರೆ ಪಾತ್ರೆಯಲ್ಲಿ ನೀರು ಕಾಯಿಸಿ ಕೊಡುತ್ತಿದ್ದೆ. ಅತ್ತೆ ಬೈದರು, ಬೈದು ಸುಸ್ತಾದರು. ಇವರು ಮಾತ್ರ ಯಾಕೆ ಅಂತ ಒಂದು ದಿನವೂ ಕೇಳಲಿಲ್ಲ. ಬೆಳಿಗ್ಗೆ ಎದ್ದು ಹಂಡೆಗೆ ನೀರು ತುಂಬಿಸಿಟ್ಟು ಆಸ್ಪತ್ರೆಗೆ ಹೋಗುತ್ತಿದ್ದರು.

ಇವರು ಕೆಟ್ಟವರಲ್ಲ. ಜ್ವರ ಬಂದರೆ ರಾತ್ರಿಯೆಲ್ಲ ಹಣೆಗೆ ಬಟ್ಟೆ ಹಾಕುತ್ತಿದ್ದರು, ನಾನು ತವರಿಗೆ ಹೊರಟರೆ ಬಸ್ಸು ಕಣ್ಮರೆಯಾಗುವವರೆಗೆ ನಿಂತಿರುತ್ತಿದ್ದರು. ಆದರೆ ಹೂಂ ಅನ್ನುತ್ತಿರಲಿಲ್ಲ. ದನಗಳ ಜೊತೆ ಇದ್ದೂ ಇದ್ದೂ ಹೀಗಾಗಿದ್ದಾರೆ ಎಂದು ನಾನೂ ಚುಚ್ಚಿ ನೋಡಿದೆ. ಕಣ್ಣರಳಿಸಿ ನೋಡುತ್ತಾ ಕೂರುತ್ತಿದ್ದರು. ವರ್ಷ ಕಳೆದ ಹಾಗೆ ನಾನು ಬೇಕಾದಷ್ಟೇ ಮಾತಾಡುವುದನ್ನು ಕಲಿತೆ. ಉಪ್ಪು ಮುಗಿದಿದೆ, ಸೂರು ಸೋರುತ್ತಿದೆ, ಮಗುವಿಗೆ ಕೆಮ್ಮು. ಇವಕ್ಕೆ ಹೂಂ ಬೇಕಾಗಿರಲಿಲ್ಲ.

ಚಂದ್ರನಲ್ಲಿಗೆ ಮತ್ತೆ ಯಾರೋ ಹೊರಟರು ಎಂಬ ಸುದ್ದಿ ಬಂದಾಗಲೆಲ್ಲ ಅವನೇ ಇರಬಹುದೇ ಎಂದು ಒದ್ದಾಡುತ್ತಿದ್ದೆ. ಆ ಹೊತ್ತಿಗೆ ಸರಿಯಾಗಿ ತವರಿಗೆ ಹೋಗಲು ಒಂದು ಸಲವೂ ಆಗಲಿಲ್ಲ. ಕೇಳದೆಯೇ ಇವರು ಪೇಪರು ತಂದು ಬಚ್ಚಲ ಗೂಡಿನಲ್ಲಿಟ್ಟು ಹೋಗುತ್ತಿದ್ದರು. ಪೇಪರಿನಲ್ಲಿ ಚಂದ್ರನ ಮೇಲೆ ನಿಂತ ಇಬ್ಬರ ಚಿತ್ರ ದೊಡ್ಡದಾಗಿ ಇರುತ್ತಿತ್ತು. ಮೂರನೆಯವನ ಮುಖ ನಾನು ಕಾಣಲೇ ಇಲ್ಲ. ಈಗ ಎಲ್ಲಿದ್ದಾನೋ, ನೆಲದ ಮೇಲೆ ಜನರ ನಡುವೆ ಕೂತು ಮಾತಾಡುವಾಗ ಯಾರಾದರೂ ಅವನಿಗೆ ಹೂಂ ಅನ್ನುತ್ತಾರೋ ಇಲ್ಲವೋ ಎಂದು ಸಂಜೆಯ ಹೊತ್ತು ಹಿತ್ತಿಲಲ್ಲಿ ಚಂದ್ರನನ್ನು ನೋಡುತ್ತಾ ನಿಲ್ಲುತ್ತಿದ್ದೆ. ಈ ಕಡೆಯ ಚಂದ್ರ ಎಲ್ಲರದೂ. ನನಗೆ ಬೇಕಾದದ್ದು ಆ ಕಡೆಯದು.

ಒಂದು ಸಂಜೆ ಇವರು ಆಸ್ಪತ್ರೆಯಿಂದ ಬಂದು, ಚಪ್ಪಲಿ ಬಿಡದೆಯೇ ಹಿತ್ತಿಲ ಬಾಗಿಲಲ್ಲಿ ನಿಂತರು.

"ರೇಡಿಯೋದಲ್ಲಿ ಹೇಳಿದ್ರು," ಎಂದರು. "ಇನ್ಮೇಲೆ ಯಾರೂ ಹೋಗಲ್ವಂತೆ. ಹೋದ ಸಲ ಹೋಗಿದ್ದೇ ಕೊನೆ."

ನಾನು ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಕೂತೆ. ಎಷ್ಟೋ ವರ್ಷದಿಂದ ಕಟ್ಟಿಟ್ಟ ಮಾತು ತಡೆಯಲಾಗದೆ ಹೊರಗೆ ಬಂತು. ಇವರು ಕೇಳಿಸಿಕೊಳ್ಳುತ್ತಾರೋ ಬಿಡುತ್ತಾರೋ ಎಂದು ನೋಡಲಿಲ್ಲ. "ಹಂಗಾದ್ರೆ ನಮ್ಮೂರ ಹಂಡೆಗಳೆಲ್ಲ ಇನ್ನು ಬರೀ ಹಂಡೆಗಳು," ಎಂದೆ. "ದೊಡ್ಡಮ್ಮ ಇದ್ದಿದ್ರೆ ಇವತ್ತು ಊಟ ಮಾಡ್ತಿರಲಿಲ್ಲ. ಆ ಮೂರನೆಯವರು ಅಷ್ಟು ದೂರ ಹೋಗಿದ್ರು, ಆ ಕಡೆಯನ್ನ ಕಣ್ಣಾರೆ ನೋಡಿದ್ರು. ಹೆಂಗಿತ್ತು ಅಂತ ಅವರು ಹೇಳಿದ್ದನ್ನೆಲ್ಲ ನಾನು ಕೇಳಿಸ್ಕೊಂಡಿದ್ದೀನಿ. ಒಂದು ಮಾತೂ ಅರ್ಥ ಆಗಿಲ್ಲ. ಯಾವತ್ತಾದ್ರೂ ಇನ್ನೊಂದು ಸಲ ಹೋಗ್ತಾರೆ, ಆಗ ತವರಲ್ಲಿರ್ತೀನಿ ಅಂದ್ಕೊಂಡಿದ್ದೆ."

ನಿಲ್ಲಿಸಿದೆ. ಅಭ್ಯಾಸದಂತೆ ಮೌನಕ್ಕೆ ಸಿದ್ಧಳಾದೆ.

"ಹೂಂ," ಎಂದರು ಇವರು.

ಕೆಳಗೆ ಶುರುವಾಗಿ, ನಡುವೆ ಒಂಚೂರು ಮುರಿದು, ಕೊನೆಗೆ ಮೇಲಕ್ಕೆ ಹೋಯಿತು. ಆ ಹೂಂ ನಮ್ಮೂರಿನದಲ್ಲ, ಇವರ ಊರಿನದಂತೂ ಅಲ್ಲವೇ ಅಲ್ಲ. ಅದನ್ನು ಕಲಿಯಬಹುದಾದ ಜಾಗ ಈ ಭೂಮಿಯ ಮೇಲೆ ಒಂದೇ ಒಂದಿತ್ತು, ನಮ್ಮ ಬಚ್ಚಲ ಬಾಗಿಲು. ಅದನ್ನು ಕೇಳಿಸಿಕೊಂಡವರು ಅದಕ್ಕೆ ಮುಂಚೆ ನಾನು ಆಡಿದ ಮಾತನ್ನೂ ಕೇಳಿಸಿಕೊಂಡಿರಬೇಕು. ನನಗೆ ಹೋಗಲು ಇಷ್ಟವಿಲ್ಲ, ಹುಡುಗ ಸುಮ್ಮನೆ ನೋಡುತ್ತಾನೆ ಎಂದದ್ದನ್ನೆಲ್ಲ. ಕೇಳಿಸಿಕೊಂಡೇ ತಾಯಿಗೆ ಯಾರೂ ಇಲ್ಲ ಎಂದಿದ್ದರು.

"ಅವತ್ತು ಪೂರ್ತಿ ಅಲ್ಲೇ ನಿಂತಿದ್ರಾ?" ಎಂದೆ.

"ನಿಂತಿದ್ದೆ."

"ಮತ್ತೆ ಇಷ್ಟು ವರ್ಷ ಯಾಕೆ ಹೂಂ ಅನ್ನಲಿಲ್ಲ?"

ಇವರು ಚಪ್ಪಲಿ ಬಿಟ್ಟು, ಮೆಟ್ಟಿಲ ಮೇಲೆ ಕೂತು, ಕಾಲಿನ ಧೂಳು ಒರೆಸಿಕೊಂಡರು. "ಅದು ಅವನ ಜಾಗ ಅಂತ ಬಿಟ್ಟಿದ್ದೆ," ಎಂದರು. "ಇನ್ನೊಂದು ಸಲ ಹೋಗ್ತಾನೇನೋ ಅಂತ ನಾನೂ ಕಾಯ್ತಿದ್ದೆ."

ನನಗೆ ಮರೆತುಹೋಗಿದ್ದ ನಮ್ಮೂರಿನ ಮರ್ಯಾದೆ ನೆನಪಾಗಿ, "ಹೂಂ" ಅಂದೆ. ಇವರು ಮಾತು ಮುಂದುವರಿಸಿದರು. ಮದುವೆಯಾದಾಗಿನಿಂದ ಇವರು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಎದ್ದು ಹಂಡೆಯ ಕೆಳಗೆ ಸೌದೆ ಜೋಡಿಸಿದೆ. ಕಡ್ಡಿ ಗೀರಿದೆ. ಸೌದೆ ಹೊತ್ತಿಕೊಂಡಿತು, ತಾಮ್ರ ಕಪ್ಪಾಯಿತು. ಇವರು ಹೆಗಲಿಗೆ ಟವೆಲ್ಲು ಹಾಕಿಕೊಂಡು ಬಂದು ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ. ನೀರು ಕಾಯುತ್ತಾ ಕಾಯುತ್ತಾ ಹಂಡೆ ಸಣ್ಣಗೆ ಗುಂಯ್‌ಗುಟ್ಟಿತು. ಅದು ಬರೀ ನೀರಿನ ಸದ್ದು ಎಂದು ನನಗೆ ಗೊತ್ತಿತ್ತು. ಆದರೂ ಕೆನ್ನೆಯನ್ನು ಆ ಬಿಸಿಗೆ ಆದಷ್ಟು ಹತ್ತಿರ ತಂದು, ಕೊನೆಯದಾಗಿ ಒಂದು ಸಲ ಹೂಂ ಅಂದೆ. ಆಮೇಲೆ ಇವರನ್ನು ಒಳಗೆ ಕರೆದೆ.